ನಿಂದೇ ನಂದು

ಆಂಬ್ರೋಸ್ ಕೀಪಿಂಗ್ ಮತ್ತು ಲೀಟಿಯಾ ಕಿಲಾಬುಕ್ ಒಟ್ಟಿಗೆ ಹಾರುವ ದಿನ ಇಕಾಲುಯಿಟ್ ವಿಮಾನ ನಿಲ್ದಾಣದಲ್ಲಿ ಯಾರೂ ಆತಂಕಪಡುತ್ತಿರಲಿಲ್ಲ. ಆಂಬ್ರೋಸ್ ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ಮನೆಯಿಂದ ಬಂದವನು, ಧ್ರುವದ ಹತ್ತಿರದ ಬಾಫಿನ್ ದ್ವೀಪದ ಮೇಲೆ ಹಾರುತ್ತಲೇ ತಲೆ ಬೆಳ್ಳಗಾಗಿಸಿಕೊಂಡವನು. ಹತ್ತೊಂಬತ್ತು ಸಾವಿರ ಗಂಟೆ ಆಕಾಶದಲ್ಲಿ ಕಳೆದಿದ್ದ. ಲೀಟಿಯಾಳದು ಅವನ ಅರ್ಧದಷ್ಟು ವಯಸ್ಸು. ಅವಳು ಆ ನೆಲದವಳೇ. ಎರಡು ಚಳಿಗಾಲ ಅವನ ಬಲಗಡೆಯ ಸೀಟಿನಲ್ಲಿ ಕುಳಿತು ಕೆಲಸ ಕಲಿತಿದ್ದಳು. ಅವನು ಕೈ ಚಾಚುವ ಮೊದಲೇ ಅವಳು ನಕ್ಷೆ ತೆರೆದಿಡುತ್ತಿದ್ದಳು. ಅವಳು ಕೇಳುವ ಮೊದಲೇ ಅವನು ಉತ್ತರ ಹೇಳಿಬಿಡುತ್ತಿದ್ದ. ಮುಖ್ಯ ಪೈಲಟ್ ಗೀ ತೆರಿಯೋ ಹೊಸದಾಗಿ ಸೇರಿದವರಿಗೆಲ್ಲ, "ಜೋಡಿ ಅಂದ್ರೆ ಹೇಗಿರ್ಬೇಕು ಅಂತ ಆ ಇಬ್ಬರನ್ನ ನೋಡಿ ಕಲೀರಿ" ಎನ್ನುತ್ತಿದ್ದ.

ಆ ಜನವರಿಯ ಬೆಳಿಗ್ಗೆ ಇಬ್ಬರೂ ಸೀಟು ಅದಲುಬದಲು ಮಾಡಿಕೊಂಡರು. ಅವತ್ತು ಲೀಟಿಯಾ ಕ್ಯಾಪ್ಟನ್ ಆಗುವ ಪರೀಕ್ಷೆ. ಕ್ಯಾಪ್ಟನ್ ಕೂರುವ ಎಡ ಸೀಟಿನಲ್ಲಿ ಅವಳು. ಬಲ ಸೀಟಿನಲ್ಲಿ ಆಂಬ್ರೋಸ್, ಪರೀಕ್ಷಕನೂ ಅವನೇ, ಸಹಾಯಕನೂ ಅವನೇ. ನಿಯಮ ಸರಳವಾಗಿತ್ತು. ಪರೀಕ್ಷಕ ಸುಳಿವು ಕೊಡುವಂತಿಲ್ಲ. ವಿಮಾನವನ್ನು ಉಳಿಸಲು ಅವನೇ ಚುಕ್ಕಾಣಿ ಹಿಡಿಯಬೇಕಾಗಿ ಬಂದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು, ಫೇಲ್. ಲೀಟಿಯಾ ಹಿಂದಿನ ಬೇಸಿಗೆಯಲ್ಲಿ ಬೇರೊಬ್ಬ ಪರೀಕ್ಷಕನ ಕೈಯಲ್ಲಿ ಒಮ್ಮೆ ಫೇಲಾಗಿದ್ದಳು. ಎರಡನೇ ಸಲವೂ ಫೇಲಾದವರ ಎಡ ಸೀಟಿನ ಮಾತನ್ನು ಆ ಕಂಪನಿಯಲ್ಲಿ ಮತ್ತೆ ಯಾರೂ ಎತ್ತುತ್ತಿರಲಿಲ್ಲ.

"ಅಜ್ಜ, ಇವತ್ತು ನನ್ನ ಮುಖ ನೋಡಿ ನಗಬೇಡಿ. ನಂಗೂ ನಗು ಬಂದ್ಬಿಡುತ್ತೆ" ಎಂದಳು ಬೆಲ್ಟು ಬಿಗಿದುಕೊಳ್ಳುತ್ತ.

"ನಾನ್ಯಾವ ಅಜ್ಜ? ನಿನ್ನ ಪರಿಚಯಾನೇ ಇಲ್ಲ ನಂಗೆ, ಮಾರಾಯ್ತಿ. ಇವತ್ತು ನಾನು ಸರ್ಕಾರದ ಮನುಷ್ಯ."

"ಸರ್ಕಾರದ ಮನುಷ್ಯರು ಕಂಡೋರ ಫ್ಲಾಸ್ಕಿಂದ ಟೀ ಕುಡೀತಾರಾ?"

ಆಂಬ್ರೋಸ್ ತುಟಿಯ ಹತ್ತಿರ ಬಂದಿದ್ದ ಮುಚ್ಚಳವನ್ನು ಕೆಳಗಿಟ್ಟ, ಮತ್ತೆ ಎತ್ತಿ ಕುಡಿದೇಬಿಟ್ಟ.

ಅವರಿಬ್ಬರ ನಡುವಿನ ಆ ಮಾತು ಹುಟ್ಟಿದ್ದೂ ಫ್ಲಾಸ್ಕಿನಿಂದಲೇ. ಹಿಂದಿನ ವರ್ಷ ಒಂದು ಕೊರೆಯುವ ಬೆಳಿಗ್ಗೆ ಆಂಬ್ರೋಸ್ ಟೀ ಮರೆತು ಬಂದಿದ್ದ. "ನಿಮ್ದೆಲ್ಲಿ?" ಎಂದು ಅವಳು ಕೇಳಿದಾಗ, "ನಿಂದೇ ನಂದು" ಎಂದು ಅವಳ ಫ್ಲಾಸ್ಕಿಗೆ ಕೈ ಹಾಕಿದ. ಕೂಡಲೇ ತಪಾಸಣೆ ಶುರುವಾಯಿತು. ತಪಾಸಣೆಯೆಂದರೆ ಒಬ್ಬರು ಓದುವುದು, ಇನ್ನೊಬ್ಬರು ನೋಡಿ ಉತ್ತರಿಸುವುದು. "ಆಲ್ಟಿಮೀಟರ್?" ಎಂದು ಅವಳು ಓದಿದಾಗ ಅವನು ಅಂಕಿ ಓದಿ ಹೇಳುವ ಬದಲು, ಅದೇ ಗುಂಗಿನಲ್ಲಿ, "ನಿಂದೇ ನಂದು" ಎಂದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಂದ ಮುಂದೆ ಆ ಪ್ರಶ್ನೆಗೆ ಅದೇ ಉತ್ತರವಾಯಿತು. ಅರ್ಥವೂ ಸರಿಯಾಗಿಯೇ ಇತ್ತು: ನಿನ್ನ ಆಲ್ಟಿಮೀಟರ್ ಏನು ತೋರಿಸುತ್ತದೋ ನನ್ನದೂ ಅದನ್ನೇ ತೋರಿಸುತ್ತದೆ. ಎರಡೂ ಸೇರಿ ತಪ್ಪು ತೋರಿಸಬಹುದೆಂಬ ಯೋಚನೆ ಆ ನಗುವಿನಲ್ಲಿ ಯಾರಿಗೂ ಬರಲಿಲ್ಲ.

ಆಲ್ಟಿಮೀಟರ್ ಗಾಳಿಯ ಒತ್ತಡ ಅಳೆದು ಎತ್ತರ ಹೇಳುವ ಯಂತ್ರ. ಅದರ ಮುಖದಲ್ಲಿ ಉಗುರಿನಷ್ಟು ಅಗಲದ ಒಂದು ಕಿಟಕಿ, ಆ ಕಿಟಕಿಯಲ್ಲಿ ಒತ್ತಡದ ಅಂಕಿ, ಅದನ್ನು ಬದಲಿಸಲು ಒಂದು ಗುಬ್ಬಿ, ಎಂದರೆ ಪುಟ್ಟ ತಿರುಗಣೆ. ಉತ್ತರದ ಆ ಸೀಮೆಯಲ್ಲಿ ಹಾರುವಷ್ಟು ಹೊತ್ತೂ ಎಲ್ಲ ವಿಮಾನಗಳ ಕಿಟಕಿಯಲ್ಲೂ ಒಂದೇ ಅಂಕಿ ಇರಬೇಕು: 29.92. ಇಳಿಯಲು ಶುರುಮಾಡುವ ಮುಂಚೆ, ಇಳಿಯುವ ಊರಿನ ಅವತ್ತಿನ ಒತ್ತಡವನ್ನು ರೇಡಿಯೋದಲ್ಲಿ ಕೇಳಿ ಆ ಅಂಕಿಗೆ ತಿರುಗಿಸಬೇಕು. ತಿರುಗಿಸದಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ಒತ್ತಡ ಕುಸಿದ ಬಿರುಗಾಳಿಯ ದಿನ ಆ ಸುಳ್ಳು ಒಂದೇ ದಿಕ್ಕಿನದು: ವಿಮಾನ ಇರುವುದಕ್ಕಿಂತ ಮೇಲಿದೆ ಎನ್ನುತ್ತದೆ.

ಹಿಂದಿನ ರಾತ್ರಿಯಷ್ಟೇ ಬಿರುಗಾಳಿಯೊಂದು ಆ ತೀರವನ್ನು ದಾಟಿತ್ತು.

ಅವರು ಹೊರಟಿದ್ದು ತಸಿಯಾರಲಿಕ್ ಎಂಬ ಕೊಲ್ಲಿಯ ಊರಿಗೆ, ಲೀಟಿಯಾಳ ತಾಯಿಯ ಊರು. ವಿಮಾನದ ಮುಂಭಾಗದಲ್ಲಿ ಹಾಲಿನ ಪುಡಿ, ಹೆಪ್ಪುಗಟ್ಟಿದ ಕೋಳಿ, ಹಿಮಬಂಡಿಯ ಬಿಡಿಭಾಗ. ಹಿಂಭಾಗದಲ್ಲಿ ಹನ್ನೊಂದು ಜನ. ಅವರಲ್ಲಿ ಹೆರಿಗೆಗೆಂದು ಇಕಾಲುಯಿಟ್‌ಗೆ ಬಂದು ಕೂಸಿನೊಡನೆ ಮರಳುತ್ತಿದ್ದ ತಾಯಿಯೊಬ್ಬಳು. ಕೂಸು ಹೊರುವ ಮೇಲಂಗಿ ಅಮಾವುತಿಯ ಟೋಪಿಯೊಳಗೆ, ತಾಯಿಯ ಬೆನ್ನಿಗೆ ಅಂಟಿಕೊಂಡು ಕೂಸು ನಿದ್ದೆ ಮಾಡುತ್ತಿತ್ತು.

ಲೀಟಿಯಾ ಚೆನ್ನಾಗಿ ಹಾರಿಸಿದಳು. ಇಳಿಯುವ ತಯಾರಿಯಲ್ಲಿ ಚಳಿಯ ಲೆಕ್ಕವನ್ನೂ ತಾನಾಗಿಯೇ ಹಾಕಿದಳು. ಗಾಳಿ ಅತಿಯಾಗಿ ತಣ್ಣಗಿದ್ದರೆ ಮುಳ್ಳು ಇನ್ನಷ್ಟು ಹೆಚ್ಚು ತೋರಿಸುತ್ತದೆ. ಅದಕ್ಕಾಗಿ ಇಳಿಯುವ ಪ್ರತಿ ಹಂತದ ಎತ್ತರಕ್ಕೂ ಇನ್ನೂರೋ ಮುನ್ನೂರೋ ಅಡಿ ಸೇರಿಸಬೇಕು. ಎಷ್ಟೋ ಹಳಬರು ಇದನ್ನು ಅಂದಾಜಿನಲ್ಲಿ ಮುಗಿಸುತ್ತಾರೆ. ಅವಳು ಕೋಷ್ಟಕ ನೋಡಿ ಸೇರಿಸಿದಳು. ಆಂಬ್ರೋಸ್‌ಗೆ ಹೆಮ್ಮೆಯೆನಿಸಿತು. ಮೇಷ್ಟ್ರ ಕೆಲಸ ಮುಗಿಯಿತು ಎಂದುಕೊಂಡ.

ರೇಡಿಯೋದಲ್ಲಿ ತಸಿಯಾರಲಿಕ್ ನಿಲ್ದಾಣದ ಮೋಸೆಸಿಯ ಧ್ವನಿ ಬಂತು. ಅವನು ಲೀಟಿಯಾಳ ಸೋದರಮಾವ. ಗಾಳಿಯ ವೇಗ ಹೇಳಿದ, ಮೋಡ ಕೆಳಗಿದೆ, ಹಿಮದ ಧೂಳು ಏಳುತ್ತಿದೆ ಎಂದ. ಕೊನೆಗೆ ಒತ್ತಡ ಹೇಳಿದ: 29.02. ಆಂಬ್ರೋಸ್ ಅದನ್ನು ಸ್ಪಷ್ಟವಾಗಿ ಪುನರುಚ್ಚರಿಸಿದ. ಲೀಟಿಯಾ ಕೇಳಿಸಿಕೊಂಡಳು.

"ಲೀಟಿಯಾ, ಎಡಗಡೆ ಕೂತಿದೀಯಂತೆ?" ಎಂದ ಮೋಸೆಸಿ.

"ಇನ್ನೂ ಕೂತಿದೀನಿ ಮಾವ. ಏಳಿಸಿಲ್ಲ."

"ಕ್ಯಾಪ್ಟನ್ ಆದ್ರೆ ಊರಿಗೆಲ್ಲ ಊಟ ಹಾಕಿಸ್ಬೇಕು. ನಿಮ್ಮಮ್ಮ ಆಗಲೇ ಎಲ್ಲರನ್ನೂ ಕರೆದಾಗಿದೆ."

"ಆಗದಿದ್ರೆ?"

"ಆಗದಿದ್ರೂ ಹೆಪ್ಪುಗಟ್ಟಿದ್ದ ಮೀನು ಕರಗಿಸಿ ಇಟ್ಟಾಗಿದೆ. ತಿನ್ನಲೇಬೇಕು."

ಮೂವರೂ ನಕ್ಕರು. ಆ ನಗುವಿನ ಹೊತ್ತಿಗೇ ಗುಬ್ಬಿ ತಿರುಗಬೇಕಿತ್ತು.

ಎರಡು ವರ್ಷ ಆ ಕೆಲಸ ನಡೆದ ರೀತಿ ಹೀಗೆ: ಬಲ ಸೀಟಿನವರು ಅಂಕಿ ಕೇಳಿಸಿಕೊಂಡ ತಕ್ಷಣ ತಮ್ಮ ಗುಬ್ಬಿ ತಿರುಗಿಸುತ್ತಾರೆ, ಎಡ ಸೀಟಿನವರು ಅದನ್ನು ನೋಡಿ ತಮ್ಮದನ್ನು ತಿರುಗಿಸುತ್ತಾರೆ. ಬಲ ಸೀಟಿನಲ್ಲಿ ಇರುತ್ತಿದ್ದವಳು ಲೀಟಿಯಾ. ಇವತ್ತು ಆಂಬ್ರೋಸ್‌ನ ಕೈ ಲೀಟಿಯಾಳಿಗಾಗಿ ಕಾಯಿತು. ಲೀಟಿಯಾಳ ಕೈ ಬಲ ಸೀಟಿಗಾಗಿ ಕಾಯಿತು. ಎರಡೂ ಕೈ ಕಾದು, ಬೇರೆ ಕೆಲಸಕ್ಕೆ ಹೋದವು.

ಆಂಬ್ರೋಸ್ ತಪಾಸಣೆ ಓದಿದ. "ಆಲ್ಟಿಮೀಟರ್?"

ಲೀಟಿಯಾ ತನ್ನ ಮುಳ್ಳನ್ನು ನೋಡಿದಳು, ಕತ್ತು ಹೊರಳಿಸಿ ಅವನದನ್ನೂ ನೋಡಿದಳು. ಎರಡೂ ಕೂದಲೆಳೆಯಷ್ಟೂ ಬೇರೆಯಿರಲಿಲ್ಲ. "ನಿಂದೇ ನಂದು" ಎಂದಳು.

ಪರೀಕ್ಷಕ ಅಲ್ಲಿ ತಡೆದು, "ಅಂಕಿ ಹೇಳು" ಎನ್ನಬೇಕಿತ್ತು. ಬೇರೆ ಯಾರೇ ಆಗಿದ್ದರೂ ಎನ್ನುತ್ತಿದ್ದ. ಅವನ ಬಾಯಿ ಮುಂದಿನ ಸಾಲಿಗೆ ಹೋಗಿತ್ತು.

ಎರಡೂ ಕಿಟಕಿಗಳಲ್ಲಿ 29.92 ಹಾಗೆಯೇ ಉಳಿಯಿತು. ಮುಳ್ಳುಗಳು ಈಗ ಒಂಬೈನೂರು ಅಡಿ ಸುಳ್ಳು ಹೇಳುತ್ತಿದ್ದವು, ಒಂದಕ್ಕೊಂದು ಸಾಕ್ಷಿ ನಿಂತು.

ವಿಮಾನ ಮೋಡದೊಳಗೆ ಇಳಿಯಿತು. ನಡುಹಗಲು, ಆದರೂ ಹೊರಗೆ ಒಡೆದ ಹಾಲಿನಂಥ ಬೆಳಕು, ರೆಕ್ಕೆಯ ತುದಿಯೂ ಕಾಣದು. ಗುಡ್ಡ ಹತ್ತಿರವಾದರೆ ಕೂಗಿ ಎಚ್ಚರಿಸುವ ಯಂತ್ರವೊಂದು ಆ ವಿಮಾನದಲ್ಲಿತ್ತು. ತಸಿಯಾರಲಿಕ್‌ಗೆ ಇಳಿಯುವಾಗ ಅದು ಪ್ರತಿ ಸಲವೂ ಕಾರಣವಿಲ್ಲದೆ ಕೂಗುತ್ತಿತ್ತು, ಅದರ ನಕ್ಷೆಯಲ್ಲಿ ಆ ಊರಿನ ರನ್‌ವೇ ಸರಿಯಾಗಿ ಇರಲಿಲ್ಲವಂತೆ. ಹಾಗಾಗಿ ಅಲ್ಲಿಗೆ ಹೋಗುವ ಎಲ್ಲರೂ ಮೊದಲೇ ಗುಂಡಿ ಒತ್ತಿಬಿಡುತ್ತಿದ್ದರು.

"ಇದರ ಬಾಯಿ ಮುಚ್ಚಿಸ್ಲಾ?" ಎಂದಳು ಲೀಟಿಯಾ.

ಆಂಬ್ರೋಸ್ ತಲೆಯಾಡಿಸಿದ. ಅವಳು ಒತ್ತಿದಳು.

ಉಳಿದದ್ದು ಇನ್ನೊಂದು ಮುಳ್ಳು. ಕೆಳಗಿನ ನೆಲಕ್ಕೆ ರೇಡಿಯೋ ಅಲೆ ಬಿಟ್ಟು, ಅದು ಮರಳುವುದನ್ನು ನೋಡಿ ನೇರ ಅಂತರ ಹೇಳುವ ಮುಳ್ಳು ಅದು. ಒತ್ತಡದ ಗೊಡವೆ ಅದಕ್ಕಿಲ್ಲ. ಎರಡೂವರೆ ಸಾವಿರ ಅಡಿಗಿಂತ ಮೇಲಿರುವಾಗ ಅದು ಸತ್ತಂತೆ ಬಿದ್ದಿರುತ್ತದೆ.

ಆಲ್ಟಿಮೀಟರ್ ಮೂರು ಸಾವಿರದ ನಾನ್ನೂರು ತೋರಿಸುತ್ತಿದ್ದಾಗ ಅದು ಕದಲಿತು. ಎರಡೂವರೆ ಸಾವಿರ ತೋರಿಸಿತು.

ಕೆಳಗಿರುವುದು ಸಮುದ್ರವೇ ಆದರೆ ಇಷ್ಟು ಬೇಗ ಅದು ಏಳಬಾರದು. ಆಂಬ್ರೋಸ್ ಗಮನಿಸಿದ. ಅವನ ತಲೆಯೊಳಗಿನ ಹತ್ತೊಂಬತ್ತು ಸಾವಿರ ಗಂಟೆ ತಡವಿಲ್ಲದೆ ಉತ್ತರ ಕೊಟ್ಟವು: ದ್ವೀಪದ ಗುಡ್ಡ. ಕೊಲ್ಲಿಯ ಬಾಯಲ್ಲಿ ಒಂದು ದ್ವೀಪವಿದೆ, ಅದರ ಮೇಲೆ ಒಂಬೈನೂರು ಅಡಿಯ ಗುಡ್ಡ. ಮೂರು ಸಾವಿರದ ನಾನ್ನೂರರಲ್ಲಿ ಒಂಬೈನೂರು ಕಳೆದರೆ ಎರಡೂವರೆ ಸಾವಿರ. ಲೆಕ್ಕ ಒಂದಡಿಯೂ ತಪ್ಪದೆ ಕೂಡಿತು. ಅನುಭವ ಇಲ್ಲದವನಾಗಿದ್ದರೆ ಉತ್ತರ ಹೊಳೆಯದೆ ದಿಗಿಲುಬೀಳುತ್ತಿದ್ದ. ಆಂಬ್ರೋಸ್ ಬೀಳಲಿಲ್ಲ.

"ಬೇಗ ಎದ್ದಿತಲ್ಲ ಇದು?" ಎಂದಳು ಲೀಟಿಯಾ, ಕಣ್ಣು ಮುಳ್ಳಿನ ಮೇಲಿಟ್ಟು.

ಸುಳಿವು ಕೊಡುವಂತಿಲ್ಲ. ಆಂಬ್ರೋಸ್ ಸುಮ್ಮನೆ ಮುಂದೆ ನೋಡಿದ. ಅವನ ಮುಖ ಆರಾಮವಾಗಿತ್ತು. ಲೀಟಿಯಾ ಆ ಮುಖ ನೋಡಿದಳು. ಅದರಲ್ಲಿ ಹೆದರಿಕೆ ಇಲ್ಲದ್ದನ್ನು ಕಂಡು ತಾನೂ ಹೆದರಿಕೆ ಬಿಟ್ಟಳು. ಚಕ್ರ ಇಳಿಸಲು ಹೇಳಿದಳು. ಮುಂದಿನ ಹಂತಕ್ಕೆ, ಎರಡು ಸಾವಿರದ ನೂರಕ್ಕೆ, ಇಳಿದಳು. ದ್ವೀಪದ ಗುಡ್ಡವನ್ನು ಸಾಕಷ್ಟು ಮೇಲಿಂದ ದಾಟಲು ಚಳಿಯ ಲೆಕ್ಕವೂ ಸೇರಿದ ಎತ್ತರ ಅದು.

ರೇಡಿಯೋ ಮುಳ್ಳು ಸಾವಿರದ ಇನ್ನೂರು ತೋರಿಸಿತು. ಮತ್ತೆ ಲೆಕ್ಕ ಕೂಡಿತು. ಇನ್ನೂ ಗುಡ್ಡದ ಮೇಲೇ ಇದ್ದೇವೆ ಎಂದುಕೊಂಡ ಆಂಬ್ರೋಸ್. ಆದರೆ ಎಲ್ಲೋ ಒಂದು ಮೂಲೆಯಲ್ಲಿ, ಆ ಗುಡ್ಡ ಇಷ್ಟು ಉದ್ದವಿತ್ತೇ ಎಂಬ ಪ್ರಶ್ನೆ ಹಲ್ಲಿಗೆ ಸಿಕ್ಕ ನಾರಿನಂತೆ ಕುಳಿತಿತು.

ಹಿಂದಿನಿಂದ, ಬಾಗಿಲ ಆಚೆ, ಕೂಸು ಎದ್ದು ಅಳುವುದು ಕೇಳಿಸಿತು.

ಮುಳ್ಳು ಸಾವಿರಕ್ಕೆ ಜಾರಿತು. ವಿಮಾನ ಇಳಿಯುತ್ತಿರಲಿಲ್ಲ, ಕೆಳಗಿನ ನೆಲ ಏರುತ್ತಿತ್ತು.

ಲೀಟಿಯಾಳಿಗೆ ಮುಂದಿನ ಹಂತಕ್ಕೆ ಇಳಿಯಬೇಕಿತ್ತು. "ದ್ವೀಪ ದಾಟಿದ್ವಾ?" ಎಂದಳು.

"ನೀನೇ ಹೇಳು." ಅದು ಪರೀಕ್ಷಕನ ಮಾತು.

ಅವಳು ರನ್‌ವೇಗೆ ಉಳಿದ ದೂರದ ಅಂಕಿ ಓದಿದಳು. "ಇಲ್ಲ ಅಜ್ಜ. ಇನ್ನೂ ಮುಂದಿದೆ. ಈಗ ಬರುತ್ತೆ."

ಆ ಒಂದು ಕ್ಷಣದ ನೆನಪು ಆಂಬ್ರೋಸ್‌ಗೆ ಆಮೇಲೆ ಯಾವಾಗಲೂ ಶಬ್ದವಿಲ್ಲದೆ ಬರುತ್ತಿತ್ತು. ಗುಡ್ಡ ಈಗ ಬರುತ್ತದೆ. ಹಾಗಾದರೆ ಆಗ ಬಂದದ್ದು ಯಾವುದು? ಒಂದೇ ಗುಡ್ಡವನ್ನು ಅವನು ಆಗಲೇ ಲೆಕ್ಕಕ್ಕೆ ಬಳಸಿ ಮುಗಿಸಿದ್ದ. ಒಂದು ಗುಡ್ಡ ಎರಡು ಸಲ ಬರುವುದಿಲ್ಲ.

ಅವನ ಕೈ ಮೊಣಕಾಲಿನ ಮೇಲಿತ್ತು. ಎತ್ತಿದರೆ ಅವಳ ಎಡ ಸೀಟು ಹೋಯಿತು. ಅದನ್ನು ಯೋಚಿಸಲು ಅವನು ಎಷ್ಟು ಹೊತ್ತು ತೆಗೆದುಕೊಂಡನೋ, ಒಂದು ಉಸಿರೋ ಅರ್ಧ ಉಸಿರೋ, ಅಷ್ಟರಲ್ಲಿ ಮುಳ್ಳು ಏಳುನೂರು ದಾಟಿತು.

"ನನ್ನ ಕೈಗೆ ಕೊಡು."

ಎರಡೂ ಎಂಜಿನ್‌ಗಳ ಸನ್ನೆಗೋಲುಗಳನ್ನು ಮುಂದಕ್ಕೆ ಒತ್ತಿ ಚುಕ್ಕಾಣಿ ಎಳೆದ. ಲೀಟಿಯಾ ಕೈ ಬಿಟ್ಟು, ಚಕ್ರ ಮೇಲೆತ್ತಿದಳು. ವಿಮಾನ ನಡುಗಿತು, ಮೂಗು ಏರಿತು. ಮೋಡ ಒಂದು ಕಡೆ ಹರಿದು, ಎಡಗಡೆಯ ಕಿಟಕಿಯ ಆಚೆ ಕಪ್ಪು ಬಂಡೆಗಳ ತಲೆ ಕಾಣಿಸಿತು. ಅದರ ಮೇಲೆ ಕಲ್ಲು ಪೇರಿಸಿ ಮಾಡಿದ ಆಳೆತ್ತರದ ದಾರಿಗುರುತು, ಕೈ ಚಾಚಿದ ಮನುಷ್ಯನಂತೆ. ಲೀಟಿಯಾ ಹುಡುಗಿಯಾಗಿದ್ದಾಗ ಬೇಸಿಗೆಯಲ್ಲಿ ಹಕ್ಕಿಮೊಟ್ಟೆ ಹುಡುಕಲು ಆ ದ್ವೀಪಕ್ಕೆ ಹೋಗಿ, ಅದಕ್ಕೆ ಒರಗಿ ಕುಳಿತವಳು. ಈಗ ಅದು ರೆಕ್ಕೆಯ ಕೆಳಗೆ ಹಾದುಹೋಯಿತು. ಕಲ್ಲುಗಳ ಸಂದಿನ ಹಿಮವೂ ಕಾಣುತ್ತಿತ್ತು.

ವಿಮಾನ ಮೋಡದ ಮೇಲೆ ಬಂತು. ಆಮೇಲೆ ಆಂಬ್ರೋಸ್ ಆಲ್ಟಿಮೀಟರ್‌ಗಳ ಎರಡು ಕಿಟಕಿಗಳನ್ನೂ ನೋಡಿದ. ಲೀಟಿಯಾಳೂ ನೋಡಿದಳು. ಎರಡೂ ಒಂದೇ ಇದ್ದವು, 29.92.

"ಸದ್ದು ಕೇಳ್ತು, ವಿಮಾನ ಬರ್ಲಿಲ್ಲ" ಎಂದ ಮೋಸೆಸಿ ರೇಡಿಯೋದಲ್ಲಿ. "ಏನಾಯ್ತು?"

"ಇನ್ನೊಂದ್ಸಲ ಬರ್ತೀವಿ ಮಾವ" ಎಂದಳು ಲೀಟಿಯಾ. "ಒತ್ತಡ ಮತ್ತೆ ಹೇಳಿ. ನಿಧಾನಕ್ಕೆ."

ಎರಡನೇ ಸಲ ಆಂಬ್ರೋಸ್ ಇಳಿಸಿದ. ಕೂಸಿನ ತಾಯಿ ಇಳಿಯುವಾಗ ಬಾಗಿಲ ಬಳಿ ನಿಂತು, "ಮೊದಲನೇ ಸಲ ಮೇಲಕ್ಕೆ ಹೋದಾಗ ಇವಳು ಅಳು ನಿಲ್ಲಿಸಿದ್ಲು. ತೊಟ್ಟಿಲು ಅನ್ಕೊಂಡ್ಲೇನೋ" ಎಂದು ನಕ್ಕಳು. ಆಂಬ್ರೋಸ್ ಕೂಸಿನ ಟೋಪಿಯನ್ನು ಮುಟ್ಟಲು ಕೈ ಎತ್ತಿದ. ಮುಟ್ಟದೆ ಜೇಬಿಗೆ ಹಾಕಿಕೊಂಡ.

ನಿಲ್ದಾಣವೆಂದರೆ ಒಂದು ತಗಡಿನ ಕಟ್ಟಡ. ಮೋಸೆಸಿ ಟೀ ಕೊಟ್ಟು, ಇಬ್ಬರ ಮುಖ ನೋಡಿ, ತಮಾಷೆ ಮಾಡದೆ ತನ್ನ ರೇಡಿಯೋ ಕೋಣೆಗೆ ಹೋದ.

"ಗೀ ತೆರಿಯೋಗೆ ಫೋನ್ ಮಾಡ್ತೀನಿ" ಎಂದ ಆಂಬ್ರೋಸ್. "ನಿನ್ನ ಪರೀಕ್ಷೆ ನಡೀಲೇ ಇಲ್ಲ ಅಂತ ಹೇಳ್ತೀನಿ. ಪರೀಕ್ಷಕನೇ ಫೇಲಾದ ಮೇಲೆ ಅದೆಂಥ ಪರೀಕ್ಷೆ?"

"ನಾನೂ ತಿರುಗಿಸ್ಲಿಲ್ಲ. ಅದನ್ನೂ ಹೇಳಿ."

"ಹೇಳಿದ್ರೆ ನಿಂಗೆ ಸೀಟು ಸಿಗಲ್ಲ, ಮಾರಾಯ್ತಿ."

"ಹೇಳದೇ ಸಿಕ್ಕಿದ್ರೆ, ಆ ಸೀಟಲ್ಲಿ ಕೂತು ನಾನು ಏನು ನೋಡ್ಲಿ? ಆ ಕಲ್ಲನ್ನೇ ನೋಡ್ತಾ ಇರ್ತೀನಿ." ಅವಳು ಲೋಟವನ್ನು ಕೆಳಗಿಟ್ಟಳು. "ಬೇಗ ಎದ್ದಿತು ಅಂತ ನಂಗೆ ಅನ್ನಿಸ್ತು ಅಜ್ಜ. ನಿಮ್ಮ ಮುಖ ನೋಡಿ ಬಿಟ್ಟೆ."

"ನಂಗೂ ಅನ್ನಿಸ್ತು. ಗುಡ್ಡ ಅಂದ್ಕೊಂಡು ಬಿಟ್ಟೆ."

ತೆರಿಯೋ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡ. ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ವಿಚಾರಣೆ ಆಗುತ್ತದೆ ಎಂದ. ಲೀಟಿಯಾಳಿಗೆ ದಕ್ಷಿಣದಿಂದ ಪರಿಚಯವಿಲ್ಲದ ಪರೀಕ್ಷಕನನ್ನು ಕರೆಸಿ ಇನ್ನೊಂದು ಅವಕಾಶ ಕೊಡಬಹುದೇ ಎಂದು ನೋಡುತ್ತೇನೆ, ಮಾತು ಕೊಡಲಾರೆ ಎಂದ. ಕೊನೆಗೆ, "ಮತ್ತೊಂದು ಬಿರುಗಾಳಿ ಬರ್ತಾ ಇದೆ. ವಿಮಾನ ಅಲ್ಲೇ ಉಳಿದ್ರೆ ವಾರಗಟ್ಟಲೆ ಸಿಕ್ಕೊಳ್ಳುತ್ತೆ. ಖಾಲಿ ವಿಮಾನ, ನೀವಿಬ್ಬರೇ. ತರೋಕೆ ಆಗುತ್ತಾ? ನಿಜ ಹೇಳು" ಎಂದ.

ಆಂಬ್ರೋಸ್ ಗಾಜಿನಾಚೆ ವಿಮಾನವನ್ನು ನೋಡಿದ. ಇಂಥ ದಿನ ಎಷ್ಟು ಸಲ ಹಾರಿಸಿರಲಿಲ್ಲ? "ಆಗುತ್ತೆ" ಎಂದ.

ಈ ಸಲ ಎಡ ಸೀಟಿನಲ್ಲಿ ಅವನೇ ಕುಳಿತ. ಲೀಟಿಯಾ ತನ್ನ ಹಳೆಯ ಜಾಗಕ್ಕೆ ಬಂದಳು. ನೆಲ ಬಿಡುವಾಗಲೂ ಊರಿನ ಒತ್ತಡವೇ ಬೇಕು, ಮೋಸೆಸಿ ಅದನ್ನು ಹೇಳಿದ. ಇಬ್ಬರೂ ಗುಬ್ಬಿ ತಿರುಗಿಸಿದರು. ಆಂಬ್ರೋಸ್ ತನ್ನ ಕಿಟಕಿಯ ಅಂಕಿಯ ಮೇಲೆ ಬೆರಳಿಟ್ಟು ನೋಡಿದ, ಅವಳದನ್ನೂ ನೋಡಿದ. ಸರಿಯಾಗಿತ್ತು. ಎಂಜಿನ್‌ಗಳು ಶುರುವಾದವು. ಲೀಟಿಯಾ ತಪಾಸಣೆ ಓದತೊಡಗಿದಳು. ಪ್ರತಿ ಸಾಲಿಗೂ ಅವನು ನೋಡಿ, ಮುಟ್ಟಿ, ಉತ್ತರ ಹೇಳಿದ. ಇಂಧನ. ಬಾಗಿಲು. ರೆಕ್ಕೆಯ ಬಿಸಿ.

"ಆಲ್ಟಿಮೀಟರ್?"

"ನಿಂದೇ ನಂದು."

ಅವನ ಕಿವಿಗೆ ಅದು ಬೇರೆ ಯಾರೋ ಹೇಳಿದಂತೆ ಕೇಳಿಸಿತು. ಬೆರಳು ಇನ್ನೂ ಅಂಕಿಯ ಮೇಲೇ ಇತ್ತು. ಅಂಕಿ ಸರಿಯಾಗಿಯೇ ಇತ್ತು. ಅವನು ಹೇಳಬೇಕೆಂದುಕೊಂಡದ್ದೂ ಆ ಅಂಕಿಯನ್ನೇ.

ಲೀಟಿಯಾಳ ಕಣ್ಣು ಪಟ್ಟಿಯ ಮೇಲೇ ಇತ್ತು. ನಗಲಿಲ್ಲ. ಅವನ ಕಡೆ ತಿರುಗಲೂ ಇಲ್ಲ. ಅವಳ ತುಟಿ ಅರ್ಧ ತೆರೆದಿತ್ತು, ಮುಂದಿನ ಸಾಲಿಗೆ ಸಿದ್ಧವಾಗಿ. ಅವಳೂ ಆ ಉತ್ತರವನ್ನು ಒಪ್ಪಿಕೊಂಡು ಮುಂದೆ ಹೋಗಲಿದ್ದಳು.

ಹೊರಗೆ ಹಿಮದ ಧೂಳು ರನ್‌ವೇಯ ಮೇಲೆ ಹಾವಿನಂತೆ ಅಡ್ಡಡ್ಡ ಹರಿಯುತ್ತಿತ್ತು. ಅದರಾಚೆ ಕೊಲ್ಲಿ, ಕೊಲ್ಲಿಯ ಬಾಯಲ್ಲಿ, ಮೋಡದೊಳಗೆ, ಆ ಗುಡ್ಡ.

"ಲೀಟಿಯಾ" ಎಂದ ಆಂಬ್ರೋಸ್, "ಎಂಜಿನ್ ಆರಿಸು."

ಅವಳು ಆರಿಸಿದಳು. ಮೊದಲು ಬಲಗಡೆಯದು ನಿಂತಿತು, ಆಮೇಲೆ ಎಡಗಡೆಯದು. ಪಂಖಗಳು ಒಂದೊಂದೇ ಅಲಗು ಕಾಣುವಷ್ಟು ನಿಧಾನವಾಗಿ, ಕೊನೆಗೆ ಅಲುಗಾಡದೆ ನಿಂತವು.

"ಏನು, ಮತ್ತೇನಾದ್ರೂ ಕೆಟ್ಟಿದೆಯಾ?" ಎಂದು ಮೋಸೆಸಿ ರೇಡಿಯೋದಲ್ಲಿ ಕೇಳಿದ.

ಆಂಬ್ರೋಸ್ ಗುಂಡಿ ಒತ್ತಿದ. "ಹೌದು" ಎಂದ. "ವಿಮಾನ ಮಾತ್ರ ಸರಿಯಾಗಿದೆ."